ಮೂರನೆಯ ಸ್ಥಾನದವರು ವೆಂಬ್ಲಿಗೆ ಹೋದದ್ದು

ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ ನಾಟಕವನ್ನು ಓದಿದವರಿಗೆ ಅದರ ಬೆನ್ನಿಗೆ ನಿಂತಿರುವ ಗ್ರೀಕ್ ವೀರನ ಪರಿಚಯ ಇದ್ದೇ ಇರುತ್ತದೆ. ಸೋಫೋಕ್ಲೀಸನ ನಾಟಕದಲ್ಲಿ ಅವನು ಐಯಾಸ್. ಲ್ಯಾಟಿನ್ನಿನ ಬಾಯಲ್ಲಿ ಅಯಾಕ್ಸ್. ಅಥೀನಾ ದೇವಿ ಆ ಮಹಾಕಾಯನಿಗೆ ಮರುಳು ಕವಿಸಿದಳು. ವೈರಿಗಳೆಂದು ಭ್ರಮಿಸಿ ಅವನು ದನಕುರಿಗಳನ್ನು ಕಡಿದು ಕೆಡವಿದ. ಭ್ರಮೆ ಹರಿದಾಗ ನಾಚಿಕೆ ತಾಳಲಾರದೆ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತ. ಇಷ್ಟೊಂದು ದುರಂತದ ಹೆಸರನ್ನು ಆಮ್‌ಸ್ಟರ್‌ಡ್ಯಾಮಿನ ಯುವಕರು 1900ರಲ್ಲಿ ತಮ್ಮ ಕಾಲ್ಚೆಂಡಿನ ಸಂಘಕ್ಕೆ ಏಕೆ ಇಟ್ಟರೋ, ಇಟ್ಟರು. ಎಪ್ಪತ್ತೊಂದು ವರ್ಷಗಳ ತರುವಾಯ, 1971ರ ಜೂನ್ 2ರಂದು, ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಯುರೋಪಿಯನ್ ಕಪ್ಪಿನ ಕೊನೆಯ ಪಂದ್ಯಕ್ಕೆ ಆ ಡಚ್ಚರ ಅಯಾಕ್ಸ್ ಇಳಿದಾಗ ಎದುರಿಗೆ ನಿಂತದ್ದು ಅಥೀನಾಳ ಊರಿನ ತಂಡವೇ. ಅದರ ಹೆಸರು ಪಾನಾಥಿನೈಕೋಸ್, ಎಂದರೆ ‘ಸಮಸ್ತ ಅಥೆನ್ಸಿಗರದು’. ಈ ಸಲ ದೇವಿಯ ಕೈ ಮೇಲಾಗಲಿಲ್ಲ. ಅಯಾಕ್ಸ್ ಎರಡು ಗೋಲುಗಳಿಂದ ಗೆದ್ದಿತು.

ಗ್ರೀಕರು ಆ ಸೋಲನ್ನು ಇಂದಿಗೂ ಸೋಲೆಂದು ಕರೆಯುವುದಿಲ್ಲ. ‘ವೆಂಬ್ಲಿಯ ಮಹಾಕಾವ್ಯ’ ಎಂದು ಕರೆಯುತ್ತಾರೆ. ಹೋಮರನ ಕೃತಿಗಳಿಗೆ ಸಲ್ಲುವ ‘ಎಪೋಸ್’ ಎಂಬ ಶಬ್ದವನ್ನೇ ಅದಕ್ಕೂ ಸಲ್ಲಿಸುತ್ತಾರೆ. ಯುರೋಪಿನ ಆ ಕಪ್ಪಿನ ಫೈನಲ್‌ಗೆ ಏರಿದ ಗ್ರೀಸಿನ ತಂಡ ಇದುವರೆಗೆ ಇದೊಂದೇ. ಆದರೆ ಆ ಮಹಾಕಾವ್ಯದಲ್ಲಿ ಬರದ ಒಂದು ಸಂಗತಿಯುಂಟು. ಯುರೋಪಿನ ಎರಡನೆಯ ತಂಡವೆನಿಸಿಕೊಂಡ ಇವರು ಅದೇ ಋತುವಿನಲ್ಲಿ ಸ್ವದೇಶದ ಲೀಗಿನಲ್ಲಿ ಮೂರನೆಯವರಾಗಿದ್ದರು. ನಾನು ಈ ಹೊತ್ತು ಮಾತನಾಡಲಿಚ್ಛಿಸುವುದು ಮುಖ್ಯವಾಗಿ ಈ ಮೂರನೆಯ ಸ್ಥಾನವನ್ನು ಕುರಿತು.

ಇವರಿಗಿಂತ ಮೇಲೆ ನಿಂತ ಇಬ್ಬರು ಯಾರು? ಮೊದಲನೆಯವರು ಎ.ಇ.ಕೆ., ಎರಡನೆಯವರು ಪಾನಿಯೋನಿಯೋಸ್. ಈ ಎರಡು ಹೆಸರುಗಳನ್ನು ಕ್ರೀಡಾಪುಟದ ಕೋಷ್ಟಕದಲ್ಲಿ ಓದಿ ಮುಂದೆ ಸಾಗಿಬಿಡಬಹುದು; ಸಾಗದೆ ನಿಂತರೆ ಒಂದು ಜನಾಂಗದ ನೋವೇ ಕಾಣಿಸುತ್ತದೆ. 1922ರಲ್ಲಿ ಗ್ರೀಕ್ ಸೈನ್ಯ ಏಷ್ಯಾ ಮೈನರಿನಲ್ಲಿ ತುರ್ಕರಿಂದ ಸೋತು ಹಿಂದೆ ಸರಿಯಿತು, ಸ್ಮಿರ್ನಾ ಪಟ್ಟಣ ಉರಿದುಹೋಯಿತು. ಮರುವರ್ಷ ಲೋಸಾನ್‌ನಲ್ಲಿ ಕುಳಿತ ರಾಜಕಾರಣಿಗಳು ಎರಡು ದೇಶಗಳ ಜನರನ್ನು ಧರ್ಮದ ಆಧಾರದ ಮೇಲೆ ಅದಲುಬದಲು ಮಾಡಲು ಒಪ್ಪಿಕೊಂಡರು. ಹನ್ನೆರಡು ಲಕ್ಷಕ್ಕೂ ಮಿಕ್ಕಿದ ಆರ್ಥೊಡಾಕ್ಸ್ ಕ್ರೈಸ್ತರು ತಲೆತಲಾಂತರದ ನೆಲವನ್ನು ಬಿಟ್ಟು, ತಾವು ಎಂದೂ ಕಂಡಿರದ ‘ಮಾತೃಭೂಮಿ’ಗೆ ಬಂದಿಳಿದರು. ದೇಶವಿಭಜನೆಯನ್ನು ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಬಂದವರು ಗಂಟುಮೂಟೆಯೊಡನೆ ತಮ್ಮ ಕ್ರೀಡಾಸಂಘಗಳನ್ನೂ ಹೊತ್ತು ತಂದರು. ಪಾನಿಯೋನಿಯೋಸ್ 1890ರಲ್ಲಿ ಸ್ಮಿರ್ನಾದಲ್ಲಿ ಹುಟ್ಟಿದ ಸಂಘ. ಅಥೆನ್ಸಿನ ಅಂಚಿನಲ್ಲಿ ನಿರಾಶ್ರಿತರು ಕಟ್ಟಿಕೊಂಡ ‘ಹೊಸ ಸ್ಮಿರ್ನಾ’ ಎಂಬ ಬಡಾವಣೆಯಲ್ಲಿ ಅದು ಮತ್ತೆ ಬೇರು ಬಿಟ್ಟಿತು. ಎ.ಇ.ಕೆ.ಯನ್ನು 1924ರಲ್ಲಿ ಸ್ಥಾಪಿಸಿದವರು ಕಾನ್‌ಸ್ಟಾಂಟಿನೋಪಲ್‌ನಿಂದ ಬಂದವರು. ಕಳೆದುಹೋದ ಬಿಜಾಂಟಿಯಂ ಸಾಮ್ರಾಜ್ಯದ ಎರಡು ತಲೆಯ ಗರುಡ ಇಂದಿಗೂ ಅವರ ಲಾಂಛನವಾಗಿದೆ.

ಪಾನಾಥಿನೈಕೋಸ್ ಹಾಗಲ್ಲ. 1908ರಲ್ಲಿ ಹುಟ್ಟಿದ ಅದು ಹಳೆಯ ಅಥೆನ್ಸಿನದು, ಊರಿನ ಮೂಲನಿವಾಸಿಗಳದು. ಮೂರೆಲೆಯ ಹಸಿರು ಚಿಗುರು ಅದರ ಗುರುತು. ಅಲೆಕ್ಸಾಂದ್ರಾಸ್ ಎಂಬ ಹೆದ್ದಾರಿಯ ಪಕ್ಕದಲ್ಲಿ ಮನೆಗಳ ನಡುವೆ ಇಕ್ಕಟ್ಟಾಗಿ ಕುಳಿತಿರುವ ಅದರ ಮೈದಾನದ ಎದುರಿಗೇ ನಿರಾಶ್ರಿತರಿಗಾಗಿ 1930ರ ದಶಕದಲ್ಲಿ ಸರ್ಕಾರ ಕಟ್ಟಿಸಿದ ವಸತಿಗಳ ಸಾಲು ಇದೆ. ರಸ್ತೆಯ ಈಚೆ ಊರಿನವರು, ಆಚೆ ಬಂದವರು. ‘ಸಮಸ್ತ ಅಥೆನ್ಸಿಗರದು’ ಎಂಬ ಹೆಸರಿನ ಸಂಘ ಸಮಸ್ತ ಅಥೆನ್ಸಿಗರದಾಗಿ ಎಂದೂ ಇರಲಿಲ್ಲ. ಹತ್ತಿರದ ಬಂದರಾದ ಪಿರೇಯಸ್ಸಿನ ಒಲಿಂಪಿಯಾಕೋಸ್ ಸಂಘದವರಂತೂ ಹಸಿರು ಬಣ್ಣವನ್ನು ಕಂಡರೇ ಆಗದವರು. 1970-71ರ ಲೀಗು ಎ.ಇ.ಕೆ.ಗೆ, ಗ್ರೀಕ್ ಕಪ್ ಒಲಿಂಪಿಯಾಕೋಸ್‌ಗೆ ಸಂದಿತು. ಹಸಿರಿನವರಿಗೆ ಮನೆಯಲ್ಲಿ ದಕ್ಕಿದ್ದು ಏನೂ ಇಲ್ಲ.

ಹಾಗಾದರೆ ಅವರು ಯುರೋಪಿನ ಕಪ್ಪಿಗೆ ಹೋದದ್ದು ಹೇಗೆ? ಆ ಕಾಲದಲ್ಲಿ ಸಾಮಾನ್ಯವಾಗಿ ಒಂದೊಂದು ದೇಶದಿಂದ ಹಿಂದಿನ ವರ್ಷ ಲೀಗನ್ನು ಗೆದ್ದ ತಂಡಕ್ಕೆ ಮಾತ್ರ ಅಲ್ಲಿಗೆ ಪ್ರವೇಶ. 1970ರಲ್ಲಿ ಇವರು ಗೆದ್ದಿದ್ದರು. ಅದೇ ವರ್ಷ ತರಬೇತುದಾರನಾಗಿ ಬಂದವನು ಫೆರೆಂತ್ಸ್ ಪುಷ್ಕಾಶ್.

ಪುಷ್ಕಾಶನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಹಂಗೆರಿಯ ಈ ಗಿಡ್ಡ, ದುಂಡು ಮೈಯ ಮನುಷ್ಯ 1953ರ ನವೆಂಬರಿನಲ್ಲಿ ಇದೇ ವೆಂಬ್ಲಿಗೆ ತನ್ನ ದೇಶದ ತಂಡವನ್ನು ಕರೆತಂದು ಇಂಗ್ಲೆಂಡನ್ನು ಆರಕ್ಕೆ ಮೂರರಿಂದ ಸೋಲಿಸಿದ್ದ. ಬ್ರಿಟಿಷ್ ದ್ವೀಪಗಳ ಹೊರಗಿನ ತಂಡವೊಂದಕ್ಕೆ ಇಂಗ್ಲೆಂಡು ತನ್ನ ನೆಲದಲ್ಲಿ ತಲೆಬಾಗಿದ್ದು ಅದೇ ಮೊದಲು. ಬುಡಾಪೆಸ್ಟಿನಲ್ಲಿ ಅವನು ಆಡುತ್ತಿದ್ದದ್ದು ಸೈನ್ಯದ ತಂಡವಾದ ಹೊನ್‌ವೇದ್‌ಗೆ. ಆದ್ದರಿಂದ ಅವನಿಗೆ ಮೇಜರ್ ಪದವಿ. ಕಮ್ಯುನಿಸ್ಟ್ ಸರ್ಕಾರ ಆ ತಂಡದ ಗೆಲುವುಗಳನ್ನು ತನ್ನ ಗೆಲುವುಗಳೆಂದು ಸಾರಿಕೊಳ್ಳುತ್ತಿತ್ತು. 1954ರ ವಿಶ್ವಕಪ್ಪಿನ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಗೆ ಸೋತಾಗ ಬುಡಾಪೆಸ್ಟಿನ ಜನ ಬೀದಿಗಿಳಿದು ರೊಚ್ಚಿಗೆದ್ದರು. ಗೆಲುವಿನಲ್ಲಿ ಪಾಲು ಕೇಳಿದವರು ಸೋಲಿನಲ್ಲಿಯೂ ಪಾಲುದಾರರಾಗಬೇಕಾಯಿತು. 1956ರ ದಂಗೆಯನ್ನು ರಷ್ಯದ ಟ್ಯಾಂಕುಗಳು ತುಳಿದಾಗ ಪುಷ್ಕಾಶ್ ಹೊರದೇಶದಲ್ಲಿದ್ದ, ಹಿಂದಿರುಗಲಿಲ್ಲ. ಸ್ಪೇನಿನ ರಿಯಲ್ ಮಾಡ್ರಿಡ್ ಸೇರಿ, 1960ರ ಯುರೋಪಿಯನ್ ಕಪ್ಪಿನ ಫೈನಲ್ ಒಂದರಲ್ಲಿಯೇ ನಾಲ್ಕು ಗೋಲು ಹೊಡೆದ. ಮತ್ತೆ ಹಂಗೆರಿಯ ಮಣ್ಣನ್ನು ಮೆಟ್ಟಿದ್ದು 1981ರಲ್ಲಿ.

ಒಂದು ಸಮವಸ್ತ್ರದ ರಾಜ್ಯವನ್ನು ಬಿಟ್ಟು ಬಂದ ಈತ 1970ರಲ್ಲಿ ಕಾಲಿಟ್ಟದ್ದು ಇನ್ನೊಂದು ಸಮವಸ್ತ್ರದ ರಾಜ್ಯಕ್ಕೆ. 1967ರ ಏಪ್ರಿಲ್ 21ರ ಬೆಳಗಿನ ಜಾವ ಅಥೆನ್ಸಿನಲ್ಲಿ ಕೆಲವರು ಕರ್ನಲ್‌ಗಳು ಅಧಿಕಾರವನ್ನು ಕಸಿದುಕೊಂಡಿದ್ದರು. ಸಂವಿಧಾನ ಬದಿಗೆ ಸರಿಯಿತು; ಸಾವಿರಾರು ಜನ ದ್ವೀಪಗಳಿಗೆ ಗಡೀಪಾರಾದರು; ಮಿಕಿಸ್ ಥಿಯೊದೊರಾಕಿಸನ ಹಾಡುಗಳನ್ನು ಹಾಡುವುದೂ ಕೇಳುವುದೂ ಅಪರಾಧವಾಯಿತು. 1896ರ ಒಲಿಂಪಿಕ್ಸ್ ನಡೆದ ಬಿಳಿಯ ಅಮೃತಶಿಲೆಯ ಕ್ರೀಡಾಂಗಣದಲ್ಲಿ ಸರ್ಕಾರ ಗ್ರೀಕರ ಯುದ್ಧಪರಾಕ್ರಮದ ಉತ್ಸವಗಳನ್ನು ಏರ್ಪಡಿಸಿ, ಸೈನಿಕರಿಗೆ ಪ್ರಾಚೀನ ಯೋಧರ ವೇಷ ಹಾಕಿಸಿ ಮೆರೆಸುತ್ತಿತ್ತು. ಕ್ರೀಡೆಯ ಆಡಳಿತವೂ ಒಬ್ಬ ಸೈನ್ಯಾಧಿಕಾರಿಯ ಕೈಯಲ್ಲೇ ಇತ್ತು. ಹೊಸದಾಗಿ ಬಂದಿದ್ದ ದೂರದರ್ಶನದ ಎರಡು ವಾಹಿನಿಗಳಲ್ಲಿ ಒಂದು ನೇರವಾಗಿ ಸೈನ್ಯದ್ದು. ಇಂಥ ದೇಶದಲ್ಲಿ ಜನ ಪ್ರೀತಿಯಿಂದ ‘ಮೇಜರ್’ ಎಂದು ಕರೆದದ್ದು ಪುಷ್ಕಾಶನನ್ನು. ‘ಜನರಲ್’ ಎಂದು ಕರೆದದ್ದು ತಂಡದ ನಾಯಕ ಮಿಮಿಸ್ ದೊಮಾಝೋಸನನ್ನು. ದೊಮಾಝೋಸ್ ಗಿಡ್ಡ ಆಳು. ಚೆಂಡು ಅವನ ಕಾಲಿಗೆ ಸಿಕ್ಕಿತೆಂದರೆ ಉಳಿದ ಹತ್ತು ಜನ ಎಲ್ಲಿಗೆ ಓಡಬೇಕೆಂಬುದು ನಿರ್ಧಾರವಾದಂತೆಯೇ.

ಮೊದಲೆರಡು ಸುತ್ತುಗಳನ್ನು ಬೇಗ ಮುಗಿಸುತ್ತೇನೆ. ಲಕ್ಸೆಂಬರ್ಗಿನ ತಂಡವೊಂದು ಸುಲಭವಾಗಿ ಸೋತಿತು. ಚೆಕೊಸ್ಲೊವಾಕಿಯದ ಸ್ಲೊವಾನ್ ಬ್ರಾಟಿಸ್ಲಾವಾ ಅಥೆನ್ಸಿನಲ್ಲಿ ಮೂರು ಗೋಲಿನಿಂದ ಸೋತು, ತನ್ನೂರಿನಲ್ಲಿ ಎರಡಕ್ಕೆ ಒಂದರಿಂದ ಗೆದ್ದರೂ ಸಾಲಲಿಲ್ಲ. ನಿಜವಾದ ಪರೀಕ್ಷೆ ಬಂದದ್ದು 1971ರ ಮಾರ್ಚಿಯಲ್ಲಿ, ಕ್ವಾರ್ಟರ್ ಫೈನಲ್‌ನಲ್ಲಿ. ಎದುರಾಳಿ ಇಂಗ್ಲೆಂಡಿನ ಚಾಂಪಿಯನ್ ಎವರ್ಟನ್.

ಇಲ್ಲಿ ಒಂದು ನಿಯಮವನ್ನು ವಿವರಿಸಬೇಕು. ಒಂದೊಂದು ಸುತ್ತಿನಲ್ಲಿಯೂ ಎರಡು ಪಂದ್ಯ, ಇವರೂರಿನಲ್ಲಿ ಒಂದು, ಅವರೂರಿನಲ್ಲಿ ಒಂದು. ಎರಡರ ಗೋಲುಗಳನ್ನು ಕೂಡಿದಾಗ ಸಮನಾದರೆ, ಪರಸ್ಥಳದಲ್ಲಿ ಹೆಚ್ಚು ಗೋಲು ಹೊಡೆದವರು ಗೆದ್ದಂತೆ. 1960ರ ದಶಕದಲ್ಲಿ ಬಂದ ಈ ನಿಯಮವನ್ನು ಯುರೋಪಿನವರು 2021ರಲ್ಲಿ ತೆಗೆದುಹಾಕಿದರು. ನನಗೆ ಅದು ಬಹು ಮಾನವೀಯವಾದ ನಿಯಮವಾಗಿ ಕಾಣುತ್ತಿತ್ತು. ಅನ್ಯರ ನೆಲದಲ್ಲಿ, ಅನ್ಯರ ಕೂಗಿನ ನಡುವೆ ಮಾಡಿದ ಒಂದು ಕೆಲಸ ಮನೆಯಂಗಳದಲ್ಲಿ ಮಾಡಿದ್ದಕ್ಕಿಂತ ಹೆಚ್ಚು ತೂಗುತ್ತದೆ ಎಂದು ಒಪ್ಪಿಕೊಂಡ ನಿಯಮ ಅದು.

ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಎವರ್ಟನ್ ಒತ್ತಿ ಒತ್ತಿ ಆಡಿತು. ಹತ್ತು ನಿಮಿಷ ಉಳಿದಿರುವಾಗ ಆಂತೋನಿಸ್ ಆಂತೋನಿಯಾದಿಸ್ ಗೋಲು ಹೊಡೆದ. ಎತ್ತರದ ಆಳಾದ ಆತ ಆ ವರ್ಷದ ಯುರೋಪಿಯನ್ ಕಪ್ಪಿನಲ್ಲಿ ಹತ್ತು ಗೋಲುಗಳಿಂದ ಎಲ್ಲರಿಗೂ ಮೇಲೆನಿಸಿದವನು. ಕಟ್ಟಕಡೆಯ ನಿಮಿಷದಲ್ಲಿ ಎವರ್ಟನ್ ಒಂದು ಗೋಲು ತೀರಿಸಿ ಸೋಲು ತಪ್ಪಿಸಿಕೊಂಡಿತು. ಎರಡು ವಾರದ ನಂತರ ಅಥೆನ್ಸಿನಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಒಟ್ಟು ಒಂದಕ್ಕೊಂದು, ಆದರೆ ಆಂತೋನಿಯಾದಿಸನ ಗೋಲು ಪರಸ್ಥಳದ್ದು. ಇಂಗ್ಲೆಂಡಿನ ಚಾಂಪಿಯನ್ನರು ಮನೆಗೆ ಹೋದರು.

ಸೆಮಿಫೈನಲ್ ಯುಗೊಸ್ಲಾವಿಯದ ರೆಡ್ ಸ್ಟಾರ್ ಬೆಲ್‌ಗ್ರೇಡಿನೊಂದಿಗೆ. ಏಪ್ರಿಲ್ 14ರಂದು ಬೆಲ್‌ಗ್ರೇಡಿನಲ್ಲಿ ಆದದ್ದನ್ನು ಸೋಲು ಎನ್ನುವುದಕ್ಕಿಂತ ಪೆಟ್ಟು ಎನ್ನಬೇಕು: ನಾಲ್ಕಕ್ಕೆ ಒಂದು. ಒಸ್ತೊಯಿಚ್ ಎಂಬ ಒಬ್ಬನೇ ಮೂರು ಗೋಲು ಹೊಡೆದ. ಗ್ರೀಕರ ಆ ಒಂದು ಗೋಲು ಅರಿಸ್ತೀದಿಸ್ ಕಮಾರಾಸನದು. ಆ ಸಂಜೆ ಅದಕ್ಕೆ ಸಮಾಧಾನದ ಬೆಲೆಗಿಂತ ಹೆಚ್ಚಿನ ಬೆಲೆಯನ್ನು ಕಟ್ಟಿದವರು ಇದ್ದಿರಲಾರರು. ಏಪ್ರಿಲ್ 28ರಂದು ಅಲೆಕ್ಸಾಂದ್ರಾಸ್ ಹೆದ್ದಾರಿಯ ಮೈದಾನದಲ್ಲಿ ಪಂದ್ಯ ಆರಂಭವಾಗಿ ಎರಡನೆಯ ನಿಮಿಷಕ್ಕೆ ಆಂತೋನಿಯಾದಿಸ್ ಒಂದು ಗೋಲು ಹೊಡೆದ. ಆಮೇಲೆ ಐವತ್ತು ನಿಮಿಷಗಳ ಕಾಲ ಏನೂ ಇಲ್ಲ. ಕೇಳುಗರು ಆ ಐವತ್ತು ನಿಮಿಷಗಳನ್ನು ಊಹಿಸಿಕೊಳ್ಳಬೇಕು: ಇನ್ನೂ ಎರಡು ಬೇಕು, ಎದುರಾಳಿ ಒಂದನ್ನು ಹೊಡೆದರೆ ಎಲ್ಲ ಮುಗಿಯಿತು. ಐವತ್ತನಾಲ್ಕನೆಯ ನಿಮಿಷದಲ್ಲಿ ಮತ್ತೆ ಆಂತೋನಿಯಾದಿಸ್. ಅದಾಗಿ ಹತ್ತು ನಿಮಿಷಕ್ಕೆ ಮೂರನೆಯದು, ಹೊಡೆದವನು ಅದೇ ಕಮಾರಾಸ್. ನಾಲ್ಕಕ್ಕೆ ನಾಲ್ಕು ಸಮ. ಬೆಲ್‌ಗ್ರೇಡಿನ ಆ ಬಡ ಗೋಲಿಗೆ ಈಗ ಬೆಲೆ ಬಂದಿತು.

ಅಥೆನ್ಸ್ ಕುಣಿಯಿತು. ಕುಣಿದವರಲ್ಲಿ ಕರ್ನಲ್‌ಗಳೂ ಇದ್ದರು ಎಂಬಲ್ಲಿಯೇ ತೊಡಕು. ನಗುವ ಜನಸಮೂಹದ ಚಿತ್ರಕ್ಕಿಂತ ಒಂದು ಸರ್ವಾಧಿಕಾರಕ್ಕೆ ಹೆಚ್ಚಿನ ಪ್ರಮಾಣಪತ್ರ ಏನು ಬೇಕು? ಮುಂದೆ ಗ್ರೀಸಿನಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ: ಆ ಹರ್ಷ ಯಾರದು? ಅದನ್ನು ಜನಕ್ಕೆ ಕುಡಿಸಿದ ಅಫೀಮು ಎಂದವರುಂಟು. ರಾಜಕೀಯಕ್ಕೂ ಚೆಂಡಿಗೂ ಸಂಬಂಧವೇ ಇಲ್ಲವೆಂದು ಕೈತೊಳೆದುಕೊಂಡವರೂ ಉಂಟು. ನನಗೆ ಎರಡೂ ಸರಿಯೆನಿಸುವುದಿಲ್ಲ.

ಪ್ರಶ್ನೆಯೇನೂ ಹೊಸದಲ್ಲ. ಪಿಂಡಾರ್ ಕವಿ ಒಲಿಂಪಿಕ್ ವಿಜೇತರಿಗೆ ಕಟ್ಟಿದ ಗೀತೆಗಳು ಗ್ರೀಕ್ ಸಾಹಿತ್ಯದ ಶಿಖರಗಳಲ್ಲಿ ಒಂದು. ಅವುಗಳಲ್ಲಿ ಮೊದಲನೆಯದು ಸಿರಕ್ಯೂಸಿನ ಹೀರೋನ್ ಎಂಬುವನಿಗಾಗಿ, ಕ್ರಿ.ಪೂ. 476ರಲ್ಲಿ ಅವನ ಕುದುರೆ ಗೆದ್ದಿತ್ತು. ಹೀರೋನ್ ತನ್ನ ಊರಿನ ಸರ್ವಾಧಿಕಾರಿ. ಓಡಿದ್ದು ಕುದುರೆ, ಹಾಡಿದ್ದು ಕವಿ, ಕೀರ್ತಿ ಮಾತ್ರ ಹೀರೋನನಿಗೆ. ಎರಡೂವರೆ ಸಾವಿರ ವರ್ಷಗಳಾದ ಮೇಲೆ ಹೀರೋನನ ಆಳ್ವಿಕೆ ಯಾರಿಗೂ ಬೇಕಿಲ್ಲ; ಹಾಡು ಉಳಿದಿದೆ, ಕುದುರೆಯ ಹೆಸರೂ ಉಳಿದಿದೆ: ಫೆರೆನಿಕೋಸ್.

ಮೂರನೆಯ ಸ್ಥಾನದ ಅರ್ಥ ನನಗೆ ಹೊಳೆಯುವುದು ಇಲ್ಲಿ. ಯುರೋಪಿನ ರಾತ್ರಿಗಳಲ್ಲಿ ಒಂದು ಸಂಘ ಸಂಘವಾಗಿ ಉಳಿಯುವುದಿಲ್ಲ, ಬಾವುಟವಾಗಿಬಿಡುತ್ತದೆ. ಬಾವುಟವಾದುದನ್ನು ಆಳುವವರು ಸುಲಭವಾಗಿ ಎತ್ತಿ ಹಿಡಿಯಬಲ್ಲರು. ಆದರೆ ಭಾನುವಾರ ಬಂತೆಂದರೆ ಅದೇ ತಂಡ ಹೊಸ ಸ್ಮಿರ್ನಾಕ್ಕೆ ಹೋಗಬೇಕು, ಪಿರೇಯಸ್ಸಿಗೆ ಹೋಗಬೇಕು. ಅಲ್ಲಿ ಅದು ರಾಷ್ಟ್ರವಲ್ಲ, ಎದುರು ಬೀದಿಯವರ ತಂಡ. ಅಲ್ಲಿ ಅದನ್ನು ಬೈಯುವುದಕ್ಕೆ ಯಾರಪ್ಪಣೆಯೂ ಬೇಡ. ಪತ್ರಿಕೆಗಳು ಬಾಯಿ ಮುಚ್ಚಿಕೊಂಡಿದ್ದ ದೇಶದಲ್ಲಿ, ಒಂದು ಹಳೆಯ ಜಗಳವನ್ನು ಗಟ್ಟಿಯಾಗಿ ಆಡಲು ಉಳಿದಿದ್ದ ಕೆಲವೇ ಜಾಗಗಳಲ್ಲಿ ಲೀಗಿನ ಮೈದಾನವೂ ಒಂದು. ಬಲವಂತದ ಐಕ್ಯವನ್ನು ದಿನವೂ ಬೋಧಿಸುತ್ತಿದ್ದ ಸರ್ಕಾರದ ಕಣ್ಣೆದುರಿಗೆ, ಆ ವರ್ಷ ನಿರಾಶ್ರಿತರ ಎರಡು ಸಂಘಗಳು ‘ಸಮಸ್ತ ಅಥೆನ್ಸಿಗರ’ ಸಂಘವನ್ನು ಮೂರನೆಯ ಮಣೆಗೆ ಇಳಿಸಿದವು. ಇದರಲ್ಲಿ ಯಾವ ಪ್ರತಿಭಟನೆಯೂ ಇರಲಿಲ್ಲ. ಬದುಕು ಎಂದಿನಂತೆ ಹಲವಾಗಿತ್ತು, ಅಷ್ಟೆ.

ವೆಂಬ್ಲಿಯ ವಿಷಯದಲ್ಲಿ ಹೇಳಬೇಕಾದ್ದು ಹೆಚ್ಚಿಲ್ಲ. ಎಂಬತ್ಮೂರು ಸಾವಿರ ಜನ ಸೇರಿದ್ದರು. ಅಯಾಕ್ಸ್ ತಂಡವನ್ನು ಪಳಗಿಸಿದವನು ರೀನಸ್ ಮಿಖೆಲ್ಸ್. ಇಪ್ಪತ್ತನಾಲ್ಕು ವರ್ಷದ ಯೋಹಾನ್ ಕ್ರೈಫ್ ಅದರ ಜೀವ. ಆಟಗಾರರು ಜಾಗ ಬದಲಿಸುತ್ತಲೇ ಇರುವ ಅವರ ಹೊಸ ರೀತಿಯ ಆಟಕ್ಕೆ ಅಂದು ಯಾರಲ್ಲಿಯೂ ಉತ್ತರವಿರಲಿಲ್ಲ. ಐದನೆಯ ನಿಮಿಷದಲ್ಲಿಯೇ ಡಿಕ್ ಫಾನ್ ಡೈಕ್ ತಲೆಯಿಂದ ಚೆಂಡನ್ನು ಒಳಗೆ ತಳ್ಳಿದ. ಆಮೇಲೆ ಎಂಬತ್ತೆರಡು ನಿಮಿಷಗಳ ಕಾಲ ಗ್ರೀಕರು ಮತ್ತೊಂದನ್ನು ಬಿಟ್ಟುಕೊಡಲಿಲ್ಲ. ಗೋಲು ಕಾಯುತ್ತಿದ್ದ ತಾಕಿಸ್ ಇಕೊನೊಮೋಪುಲೋಸನನ್ನು ಇಲ್ಲಿ ಹೆಸರಿಸದೆ ಹೋದರೆ ಅನ್ಯಾಯವಾದೀತು. ಎಂಬತ್ತೇಳನೆಯ ನಿಮಿಷದಲ್ಲಿ ಅರಿ ಹಾನ್ ಒದ್ದ ಚೆಂಡು ಆಂಥಿಮೋಸ್ ಕಾಪ್ಸಿಸನ ಮೈಗೆ ತಗುಲಿ, ದಿಕ್ಕು ಬದಲಿಸಿ ಒಳಗೆ ಹೋಯಿತು. ಕಾಪ್ಸಿಸನ ಮಗ ಮಿಖಾಲಿಸ್ 2004ರಲ್ಲಿ ಲಿಸ್ಬನ್ನಿನಲ್ಲಿ ಯುರೋಪಿನ ರಾಷ್ಟ್ರಗಳ ಕಪ್ಪನ್ನು ಗೆದ್ದ ಗ್ರೀಕ್ ತಂಡದಲ್ಲಿ ರಕ್ಷಣೆಗೆ ನಿಂತಿದ್ದ.

ಅದೇ ವರ್ಷ, ಸೆಪ್ಟೆಂಬರ್ 20ರಂದು, ಅಥೆನ್ಸಿನಲ್ಲಿ ಕವಿ ಯೋರ್ಗೊಸ್ ಸೆಫೆರಿಸ್ ತೀರಿಕೊಂಡ. ಆತನೂ ಸ್ಮಿರ್ನಾ ಸೀಮೆಯಲ್ಲಿ ಹುಟ್ಟಿದವನು. 1963ರಲ್ಲಿ ನೊಬೆಲ್ ಪಾರಿತೋಷಕ ಪಡೆದವನು. ಕರ್ನಲ್‌ಗಳು ಬಂದ ಮೇಲೆ ಎರಡು ವರ್ಷ ಮೌನವಾಗಿದ್ದು, 1969ರ ಮಾರ್ಚಿಯಲ್ಲಿ ಲಂಡನ್ನಿನ ಬಿ.ಬಿ.ಸಿ. ಬಾನುಲಿಯ ಮೂಲಕ ಒಂದು ಚಿಕ್ಕ ಹೇಳಿಕೆಯನ್ನು ತನ್ನ ಜನಕ್ಕೆ ಕೇಳಿಸಿದ. ಸರ್ವಾಧಿಕಾರದ ಆರಂಭ ಸುಲಭವೆನಿಸಬಹುದು, ಅದರ ಕೊನೆಯಲ್ಲಿ ದುರಂತ ಕಾದಿರುತ್ತದೆ ಎಂಬ ಅರ್ಥದ ಮಾತುಗಳಲ್ಲಿ ಅವನು ಈಸ್ಕಿಲಸನ ಮೇಳಗೀತೆಗಳನ್ನು ನೆನೆದಿದ್ದ. ನಿವೃತ್ತ ರಾಯಭಾರಿಯಾದ ಅವನ ರಾಜತಾಂತ್ರಿಕ ಪಾಸ್‌ಪೋರ್ಟನ್ನು ಸರ್ಕಾರ ಕಿತ್ತುಕೊಂಡಿತು. ಅವನ ಶವಯಾತ್ರೆಯ ಹಿಂದೆ ಸಾವಿರಾರು ಜನ ನಡೆದರು. ನಡೆಯುತ್ತ, ಅವನದೇ ಪದ್ಯವೊಂದಕ್ಕೆ ಥಿಯೊದೊರಾಕಿಸ್ ಹಾಕಿದ್ದ ರಾಗವನ್ನು, ನಿಷೇಧವಿದ್ದ ಆ ರಾಗವನ್ನು, ಬೀದಿಯಲ್ಲಿ ಗಟ್ಟಿಯಾಗಿ ಹಾಡಿದರು. ಏಪ್ರಿಲಿನಲ್ಲಿ ಕುಣಿದವರಿಗೂ ಸೆಪ್ಟೆಂಬರಿನಲ್ಲಿ ಹಾಡಿದವರಿಗೂ ನಡುವೆ ಐದು ತಿಂಗಳ ಅಂತರವೂ ಇಲ್ಲ. ಅವರು ಬೇರೆ ಬೇರೆ ಜನರೆಂದು ತಿಳಿಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಚೆಂಡಾಟ ನೋಡಿ ಕೂಗಿದ ಗಂಟಲು ಹಾಡುವುದನ್ನು ಮರೆತಿರಬೇಕೆಂದು ಅಫೀಮಿನ ಮಾತಾಡುವವರು ಏಕೆ ಎಣಿಸುತ್ತಾರೋ ತಿಳಿಯದು. ಕರ್ನಲ್‌ಗಳ ಆಳ್ವಿಕೆ 1974ರ ಜುಲೈನಲ್ಲಿ ಕುಸಿಯಿತು. ಪುಷ್ಕಾಶ್ ಅಥೆನ್ಸನ್ನು ಬಿಟ್ಟದ್ದೂ ಅದೇ ವರ್ಷ.

ಋತುವಿನ ಬಾಲಂಗೋಚಿಯಂತಿರುವ ಒಂದೆರಡು ಸಂಗತಿಗಳು ಉಳಿದಿವೆ. 1971ರ ಶರತ್ಕಾಲದಲ್ಲಿ ಯುರೋಪಿಯನ್ ಕಪ್ಪು ಮತ್ತೆ ಆರಂಭವಾದಾಗ ಗ್ರೀಸಿನ ಪರವಾಗಿ ಹೋದದ್ದು ಎ.ಇ.ಕೆ.; ಹಿಂದಿನ ವರ್ಷ ಫೈನಲ್ ಆಡಿದ್ದ ಹಸಿರಿನವರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಮೂರನೆಯ ಸ್ಥಾನದ ಫಲ ಅದು. ಆದರೆ ದಕ್ಷಿಣ ಅಮೆರಿಕದ ಚಾಂಪಿಯನ್ನರ ಎದುರು ಖಂಡಾಂತರ ಕಪ್ಪಿಗೆ ಆಡಲು ಅಯಾಕ್ಸ್ ಒಲ್ಲೆನೆಂದಿತು, ಅಲ್ಲಿಯವರ ಒರಟಾಟಕ್ಕೆ ಅಂಜಿ. ಅವರ ಬದಲು ಪಾನಾಥಿನೈಕೋಸ್ ಹೋಯಿತು. ಯುರೋಪಿನ ಕಪ್ಪಿಗೆ ಬೇಡವಾದವರು ಜಗತ್ತಿನ ಕಪ್ಪಿಗೆ ಬೇಕಾದರು. ಉರುಗ್ವೆಯ ನಾಸಿಯೊನಾಲ್ ತಂಡದೊಡನೆ ಡಿಸೆಂಬರಿನಲ್ಲಿ ನಡೆದ ಮೊದಲ ಪಂದ್ಯ ಒಂದಕ್ಕೊಂದು ಸಮ. ಅದು ನಡೆದದ್ದು ಪಿರೇಯಸ್ಸಿನಲ್ಲಿ, ಬದ್ಧವೈರಿ ಒಲಿಂಪಿಯಾಕೋಸ್‌ನ ಮೈದಾನದಲ್ಲಿ. ಮಾಂಟೆವಿಡಿಯೊದಲ್ಲಿ ಗ್ರೀಕರು ಎರಡಕ್ಕೆ ಒಂದರಿಂದ ಸೋತರು. ಅವರ ಎರಡು ಗೋಲುಗಳನ್ನೂ ಹೊಡೆದವನು ಫಿಲಾಕುರಿಸ್.

ಗ್ರೀಕ್ ಸಂಘವೊಂದು ಯುರೋಪಿನ ಪಾರಿತೋಷಕವೊಂದನ್ನು ಮೊದಲ ಬಾರಿಗೆ ಮನೆಗೆ ತರಲು ಮತ್ತೆ ಐವತ್ಮೂರು ವರ್ಷ ಬೇಕಾಯಿತು. 2024ರ ಮೇ 29ರಂದು ಒಲಿಂಪಿಯಾಕೋಸ್, ಇಟಲಿಯ ಫಿಯೊರೆಂಟಿನಾ ತಂಡವನ್ನು ಹೆಚ್ಚುವರಿ ಸಮಯದಲ್ಲಿ, ನೂರ ಹದಿನಾರನೆಯ ನಿಮಿಷದ ಒಂದೇ ಗೋಲಿನಿಂದ ಸೋಲಿಸಿ ಕಾನ್ಫರೆನ್ಸ್ ಲೀಗ್ ಕಪ್ಪನ್ನು ಗೆದ್ದುಕೊಂಡಿತು. ಆ ಋತುವಿನಲ್ಲಿ ಸ್ವದೇಶದ ಲೀಗಿನಲ್ಲಿ ಅವರ ಸ್ಥಾನವೂ ಮೂರನೆಯದೇ. ಫೈನಲ್ ನಡೆದದ್ದು ಅಥೆನ್ಸಿನ ನೆಯಾ ಫಿಲದೆಲ್ಫಿಯಾದಲ್ಲಿ. ಅದು ನಿರಾಶ್ರಿತರು ಕಟ್ಟಿದ ಮತ್ತೊಂದು ಬಡಾವಣೆ, ಎ.ಇ.ಕೆ.ಯವರ ಸ್ವಂತ ಅಂಗಳ. ಪಿರೇಯಸ್ ಬಂದರು ಅಂದು ನಿದ್ರಿಸಿರಲಾರದು. ಅಥೆನ್ಸಿನ ಹಸಿರಿನವರೂ ಹಳದಿಯವರೂ ರಾಷ್ಟ್ರದ ಹೆಮ್ಮೆಯೆಂದು ಬಗೆದು ಅವರೊಡನೆ ಕುಣಿದರೆಂದರೆ ಮಾತ್ರ ನಾನು ನಂಬುವುದಿಲ್ಲ.